ಹಳೆ ಸರ್ವರ್ ಪಕ್ಕದಲ್ಲೇ ಹೊಸದು

ಸೆಂಟ್‌ಓಎಸ್ 7 ಎಂಬ ಲಿನಕ್ಸ್‌ನ ಆಯಸ್ಸು ಮುಗಿದದ್ದು 2024ರ ಜೂನ್ 30ಕ್ಕೆ. 2014ರ ಜುಲೈಯಲ್ಲಿ ಬಂದ ಅದು ಹತ್ತು ವರ್ಷ ನಮ್ಮ ದೇಶದ ಎಷ್ಟೋ ಸಣ್ಣ ಕಚೇರಿಗಳ ಸರ್ವರುಗಳಲ್ಲಿ ಸದ್ದಿಲ್ಲದೆ ದುಡಿದಿದೆ. ಸಪೋರ್ಟ್ ಮುಗಿಯಿತು ಅಂದಾಕ್ಷಣ ಮಷಿನ್ ನಿಂತುಹೋಗುವುದಿಲ್ಲ. ಮರುದಿನ ಬೆಳಿಗ್ಗೆಯೂ ಲಾಗಿನ್ ಆಗುತ್ತದೆ, ರಸೀದಿ ಪ್ರಿಂಟ್ ಆಗುತ್ತದೆ. ಅದಕ್ಕೇ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮೊದಲು ಗೊತ್ತಾಗುವುದು ಯಾರಾದರೂ ‘ಯಮ್ ಅಪ್‌ಡೇಟ್’ ಎಂದು ಕಮಾಂಡ್ ಕೊಟ್ಟಾಗ (ಈ ಯಮ್‌ಗೂ ಯಮನಿಗೂ ಸಂಬಂಧವಿಲ್ಲ). ಪ್ಯಾಕೇಜ್ ತರಬೇಕಾದ ವಿಳಾಸವೇ ಸಿಗುತ್ತಿಲ್ಲ ಎಂಬ ಉತ್ತರ ಬರುತ್ತದೆ. ಅಂದರೆ ಇನ್ನು ಮುಂದೆ ಯಾವ ತೂತು ಬಿದ್ದರೂ ಮುಚ್ಚಲು ಸಾಮಾನು ಕಳಿಸುವವರು ಯಾರೂ ಇಲ್ಲ.

ಕಳೆದೆರಡು ವರ್ಷಗಳಲ್ಲಿ ನನಗೆ ಪುಣೆ, ಮುಂಬಯಿ ಕಡೆಯ ಪರಿಚಯದವರಿಂದ ಅತಿ ಹೆಚ್ಚು ಬಂದ ಪ್ರಶ್ನೆ ಇದೇ: ಸರ್ವರಿನ ಓಎಸ್ ಬದಲಿಸಬೇಕು, ಆದರೆ ಕೆಲಸ ನಿಲ್ಲಬಾರದು, ಹೇಗೆ? ಓದುಗರಲ್ಲಿ ಅರ್ಧದಷ್ಟು ಜನ ಐಟಿಯವರೇ ಇರುವುದರಿಂದ ಈ ತಿಂಗಳ ಅಂಕಣ ಅದಕ್ಕೇ ಮೀಸಲು. ಐಟಿಯವರಲ್ಲದವರೂ ಓದಿ. ನಿಮ್ಮ ಸಂಘ, ಸೊಸೈಟಿ, ಶಾಲೆಯ ಲೆಕ್ಕ ಇಂಥದೇ ಒಂದು ಹಳೇ ಡಬ್ಬಿಯೊಳಗೆ ಇರಬಹುದು.

‘ಸರಿಯಾಗಿ ಓಡುವುದನ್ನು ಮುಟ್ಟಬೇಡ’ ಎಂಬುದು ನಮ್ಮ ವೃತ್ತಿಯ ಹಳೆಯ ಸೂತ್ರ. ನಾನು ಅದನ್ನು ಗೇಲಿ ಮಾಡುವುದಿಲ್ಲ. ಸೆಂಟ್‌ಓಎಸ್ 7 ನಿಂತ ಮರುದಿನವೇ, 2024ರ ಜುಲೈ 1ರಂದು, ಓಪನ್‌ಎಸ್‌ಎಸ್‌ಹೆಚ್‌ನಲ್ಲಿ ಒಂದು ದೊಡ್ಡ ತೂತು ಪತ್ತೆಯಾಯಿತು. ತಮಾಷೆ ಏನೆಂದರೆ ಸೆಂಟ್‌ಓಎಸ್ 7ರಲ್ಲಿದ್ದ ಓಪನ್‌ಎಸ್‌ಎಸ್‌ಹೆಚ್ 7.4 ಎಷ್ಟು ಹಳೆಯದೆಂದರೆ, ಆ ತೂತು ಅದಕ್ಕೆ ತಟ್ಟಲೇ ಇಲ್ಲ. ಹೊಸದಕ್ಕೆ ಬದಲಾಯಿಸಿಕೊಂಡವರು ಓಡೋಡಿ ಪ್ಯಾಚ್ ಹಾಕಿಕೊಂಡರು. ಹಳೆಯವರು ನಕ್ಕರು. ಆದರೆ ಆ ನಗು ಅದೃಷ್ಟದ ನಗು. 2017ರ ಮೇ 12ರಂದು ವಾನಾಕ್ರೈ ಬಂದಾಗ ಅದಕ್ಕೆ ಬೇಕಾದ ಪ್ಯಾಚನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಾಗಿತ್ತು. ಹಾಕಿಕೊಳ್ಳದವರ ಮಷಿನುಗಳು ಬ್ರಿಟನ್ನಿನ ಆಸ್ಪತ್ರೆಗಳಲ್ಲೂ ಲಾಕ್ ಆದವು. ಪ್ಯಾಚ್ ಇದ್ದೂ ಹಾಕಿಕೊಳ್ಳದವನ ಗತಿ ಅದು. ಇನ್ನು ಪ್ಯಾಚೇ ಬರದವನದು?

ಒಂದು ನಿಜವಾದ ಕೆಲಸವನ್ನೇ ಇಟ್ಟುಕೊಂಡು ಮಾತಾಡೋಣ. ಮುಂಬಯಿ ಉಪನಗರದ ಒಂದು ಸಣ್ಣ ಸಹಕಾರಿ ಸೊಸೈಟಿ. ಹೆಸರು ಬೇಡ. ಮೂರು ಶಾಖೆ, ನಲವತ್ತು ಪಿಗ್ಮಿ ಏಜೆಂಟರು. ಹಣ ಕಟ್ಟುವವರು ಹೋಟೆಲ್ ಹುಡುಗರು, ತರಕಾರಿ ಗಾಡಿಯವರು, ಬೀಡಾ ಅಂಗಡಿಯವರು. ಪಿಗ್ಮಿ ಎಂಬುದೇ ನಮ್ಮ ಊರಿನ ಸರಕು. 1928ರಲ್ಲಿ ಉಡುಪಿಯಲ್ಲಿ ಈಗಿನವರು ಸಿಂಡಿಕೇಟ್ ಬ್ಯಾಂಕ್ ಎಂದು ನೆನಪಿಟ್ಟುಕೊಂಡಿರುವ ಸಂಸ್ಥೆ ಶುರು ಮಾಡಿದ್ದು. ದಿನದ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಕಟ್ಟಿಸಿಕೊಳ್ಳುವ ಪದ್ಧತಿ. ಹೋಟೆಲುಗಳ ಹಿಂದೆ ಅದೂ ಮುಂಬಯಿಗೆ ಬಂತು. ಈಗ ಎರಡಾಣೆ ಐವತ್ತು, ನೂರು ರೂಪಾಯಿ ಆಗಿದೆ. ಪಾಸ್‌ಬುಕ್ಕಿನ ಜಾಗದಲ್ಲಿ ಏಜೆಂಟರ ಕೈಯಲ್ಲಿ ಪುಟ್ಟ ಮಷಿನ್ ಇದೆ.

ಈ ಸೊಸೈಟಿಯ ಲೆಕ್ಕ ಪೂರ್ತಿ ಸೆಂಟ್‌ಓಎಸ್ 7ರ ಒಂದೇ ವರ್ಚುವಲ್ ಮಷಿನ್‌ನಲ್ಲಿತ್ತು. ಮೇಲೆ ಪೋಸ್ಟ್‌ಗ್ರೆಸ್ 10, ಅದರ ಮೇಲೆ ಯಾವುದೋ ಸಾಫ್ಟ್‌ವೇರಿನವರು ಬರೆದುಕೊಟ್ಟ ಜಾವಾ ಪ್ರೋಗ್ರಾಮ್. ಕಾರ್ಯದರ್ಶಿಗಳು ಕುಂದಾಪುರದ ಕಡೆಯವರು. ಮೊದಲ ಸಲ ಹೇಳಿದಾಗ ಅವರ ಉತ್ತರ ನಿರೀಕ್ಷಿತವೇ. “ಸರಿಯಾಗಿ ಓಡ್ತಾ ಉಂಟಲ್ಲ ಮಾರಾಯ್ರೆ, ಅದಕ್ಕೆ ಯಾಕೆ ಕೈ ಹಾಕುವುದು? ಒಂದು ದಿನ ಪಿಗ್ಮಿ ನಿಂತರೆ ಜನ ಸೊಸೈಟಿ ಮುಳುಗಿತು ಅಂತಾರೆ.”

ಅವರ ಹೆದರಿಕೆ ಉತ್ಪ್ರೇಕ್ಷೆಯಲ್ಲ. ದುಡ್ಡು ಇಟ್ಟುಕೊಳ್ಳುವ ಜಾಗದಲ್ಲಿ ‘ಸರ್ವರ್ ಡೌನ್’ ಎಂಬ ಮಾತಿಗೆ ಜನ ಬೇರೆಯೇ ಅರ್ಥ ಹಚ್ಚುತ್ತಾರೆ. ಒಂದು ಹೋಟೆಲಿನ ಅಡುಗೆಮನೆಯಲ್ಲಿ ಶುರುವಾದ ಗುಸುಗುಸು ಸಂಜೆಗೆ ಇಡೀ ರಸ್ತೆಗೆ ಹಬ್ಬುತ್ತದೆ. ಹಾಗಾಗಿ ಮೊದಲ ಕೆಲಸ ಕಂಪ್ಯೂಟರಿನ ಮುಂದೆ ಕೂರುವುದಲ್ಲ. ಯಾವ ಗಂಟೆಗೆ ನಿಂತರೆ ಯಾರಿಗೆ ನೋವು ಎಂದು ಕೇಳಿ ಬರೆದುಕೊಳ್ಳುವುದು. ದೊಡ್ಡ ಕಂಪನಿಗಳಲ್ಲಿ 99.9 ಶೇಕಡಾ ಅಂತ ಹೇಳುತ್ತೇವೆ. ಅಂದರೆ ವರ್ಷಕ್ಕೆ ಎಂಟೂಮುಕ್ಕಾಲು ಗಂಟೆ ನಿಲ್ಲಬಹುದು. ಆದರೆ ಆ ಎಂಟೂಮುಕ್ಕಾಲು ಗಂಟೆ ಯಾವುವು ಎಂಬುದೇ ನಿಜವಾದ ಪ್ರಶ್ನೆ. ಸೊಸೈಟಿಯಲ್ಲಿ ಏಜೆಂಟರು ಬೆಳಿಗ್ಗೆ ಎಂಟರಿಂದ ಎಂಟೂವರೆಯೊಳಗೆ ತಮ್ಮ ಮಷಿನ್‌ಗೆ ಖಾತೆಗಳ ಪಟ್ಟಿ ಇಳಿಸಿಕೊಳ್ಳುತ್ತಾರೆ. ಆಮೇಲೆ ಇಡೀ ದಿನ ಮಷಿನ್ ಸರ್ವರಿನ ಮುಖ ನೋಡುವುದಿಲ್ಲ. ವಸೂಲಿಯನ್ನೆಲ್ಲ ತನ್ನೊಳಗೇ ಇಟ್ಟುಕೊಳ್ಳುತ್ತದೆ. ರಾತ್ರಿ ಹತ್ತರ ಹೊತ್ತಿಗೆ ಮತ್ತೆ ಏರಿಸುತ್ತಾರೆ. ಕೌಂಟರು ಒಂಬತ್ತೂವರೆಯಿಂದ ಸಂಜೆ ಐದು, ಭಾನುವಾರ ರಜೆ. ಶನಿವಾರ ರಾತ್ರಿ ಹನ್ನೊಂದರಿಂದ ಭಾನುವಾರ ಬೆಳಿಗ್ಗೆ ಎಂಟರವರೆಗೆ ಸರ್ವರ್ ಸತ್ತರೂ ಯಾರಿಗೂ ಗೊತ್ತಾಗುವುದಿಲ್ಲ. ಇಷ್ಟು ತಿಳಿಯಲು ಬೇಕಾದದ್ದು ಎರಡು ಕಪ್ ಚಹಾ ಮತ್ತು ಒಬ್ಬ ಹಿರಿಯ ಏಜೆಂಟರ ಜತೆ ಅರ್ಧ ಗಂಟೆ ಮಾತು.

ಮುಂದಿನದು ದಾರಿ ಆರಿಸುವುದು. ಇರುವ ಮಷಿನ್ನಿನ ಮೇಲೇ ಓಎಸ್ ಏರಿಸುವುದು ಒಂದು ದಾರಿ. ಸೆಂಟ್‌ಓಎಸ್ 7ರಿಂದ ಮೇಲೇರಲು ಆಲ್ಮಾಲಿನಕ್ಸ್‌ನವರು ಎಲಿವೇಟ್ ಎಂಬ ಸಲಕರಣೆ ಕೊಟ್ಟಿದ್ದಾರೆ. 7ರಿಂದ 8, ಅಲ್ಲಿಂದ 9, ಎರಡು ಹಾರಿಕೆ. ಕೆಲಸ ಮಾಡುತ್ತದೆ. ಆದರೆ ಏರುತ್ತಿರುವಷ್ಟು ಹೊತ್ತೂ ಸರ್ವರ್ ನಿಂತೇ ಇರುತ್ತದೆ, ಮಧ್ಯೆ ಕೆಟ್ಟರೆ ನಿಮ್ಮ ಕೈಯಲ್ಲಿ ಹಳೆಯದೂ ಇಲ್ಲ, ಹೊಸದೂ ಇಲ್ಲ. ಇನ್ನೊಂದು ದಾರಿ, ಪಕ್ಕದಲ್ಲೇ ಹೊಸ ಮಷಿನ್ ಎಬ್ಬಿಸಿ, ಅಲ್ಲಿ ಎಲ್ಲವನ್ನೂ ಜೋಡಿಸಿ, ಪರೀಕ್ಷೆ ಮಾಡಿ, ಕೊನೆಗೆ ಜನರನ್ನು ಅತ್ತ ತಿರುಗಿಸುವುದು. ಎರಡು ತಿಂಗಳು ಎರಡು ಮಷಿನ್ನಿನ ಬಾಡಿಗೆ ಕಟ್ಟಬೇಕು, ಅಷ್ಟೇ. ದುಡ್ಡಿನ ಲೆಕ್ಕ ಇರುವ ಕಡೆ ನಾನು ಎರಡನೆಯದನ್ನು ಬಿಟ್ಟು ಬೇರೇನೂ ಹೇಳುವುದಿಲ್ಲ. ಹಳೆ ಸರ್ವರನ್ನು ಮುಟ್ಟದೇ ಇರುವುದೇ ಹಿಂದಿರುಗುವ ದಾರಿ. ಅದಕ್ಕಿಂತ ಒಳ್ಳೆಯ ಬ್ಯಾಕಪ್ ನನಗೆ ಗೊತ್ತಿಲ್ಲ.

ಹಾಗಂತ ಮೊದಲ ದಾರಿ ಯಾವಾಗಲೂ ತಪ್ಪಲ್ಲ. ಉಬುಂಟುವಿನ ಎಲ್‌ಟಿಎಸ್‌ನಿಂದ ಎಲ್‌ಟಿಎಸ್‌ಗೆ ಏರುವುದು ಸಾಕಷ್ಟು ಪಳಗಿದ ಕೆಲಸ. ಹೊಸ ಎಲ್‌ಟಿಎಸ್ ಬಂದ ದಿನವೇ ಅದು ನಿಮಗೆ ಅಪ್‌ಗ್ರೇಡ್ ತೋರಿಸುವುದೂ ಇಲ್ಲ. ಮೊದಲ ಪಾಯಿಂಟ್ ಬಿಡುಗಡೆ, ಅಂದರೆ 24.04.1 ತರಹದ್ದು, ಬರುವವರೆಗೆ ಕಾಯಿಸುತ್ತದೆ. ದೂರದಿಂದ ಎಸ್‌ಎಸ್‌ಹೆಚ್ ಮೂಲಕ ಕೂತು ಮಾಡುತ್ತಿದ್ದರೆ, ಕೊಂಡಿ ತಪ್ಪಿದರೆ ಇರಲಿ ಎಂದು 1022 ಪೋರ್ಟಿನಲ್ಲಿ ಇನ್ನೊಂದು ಬಾಗಿಲು ತೆರೆದಿಡುತ್ತದೆ. ಆ ಪೋರ್ಟನ್ನು ಫೈರ್‌ವಾಲ್‌ನಲ್ಲಿ ಮೊದಲೇ ಬಿಟ್ಟಿರಬೇಕು; ಬಹಳ ಜನ ಇದನ್ನು ಓದದೆ ಎಂಟರ್ ಒತ್ತುತ್ತಾರೆ. ಸಂಘದ ವೆಬ್‌ಸೈಟು, ಮನೆಯ ಫೋಟೋ ಸರ್ವರು ಇಂಥವಕ್ಕೆ ಒಂದು ಸ್ನ್ಯಾಪ್‌ಶಾಟ್ ತೆಗೆದುಕೊಂಡು ಹೀಗೆಯೇ ಏರಿಸಿ. ತೊಂದರೆಯಿಲ್ಲ.

ಸೊಸೈಟಿಗೆ ಆಲ್ಮಾಲಿನಕ್ಸ್ 9 ಆಯ್ಕೆಯಾಯಿತು. 2020ರ ಡಿಸೆಂಬರ್ 8ರಂದು ಸೆಂಟ್‌ಓಎಸ್ 8ನ್ನು ಇನ್ನೊಂದೇ ವರ್ಷಕ್ಕೆ ನಿಲ್ಲಿಸುತ್ತೇವೆ ಎಂಬ ಘೋಷಣೆ ಬಂದಾಗ ಹುಟ್ಟಿಕೊಂಡ ಎರಡು ಮಕ್ಕಳಲ್ಲಿ ಇದು ಒಂದು, ರಾಕಿ ಲಿನಕ್ಸ್ ಇನ್ನೊಂದು. ಎರಡರಲ್ಲಿ ಯಾವುದಾದರೂ ಸರಿ, ಜಗಳ ಬೇಡ. ಆಲ್ಮಾ 9ಕ್ಕೆ 2032ರ ಮೇ 31ರವರೆಗೆ ಸುರಕ್ಷತೆಯ ಪ್ಯಾಚ್ ಸಿಗುತ್ತದೆ.

ಇನ್ನು ಹಳೆ ಸರ್ವರ್ ನಿಜಕ್ಕೂ ಏನೇನು ಮಾಡುತ್ತಿದೆ ಎಂಬ ಪಟ್ಟಿ. ಇಲ್ಲೇ ಎರಡು ವಾರ ಹೋಗುವುದು, ಹೋಗಬೇಕು ಕೂಡ. ಸಾಫ್ಟ್‌ವೇರಿನವರು ಕೊಟ್ಟ ಕಾಗದದಲ್ಲಿ ಮೂರು ಸಾಲು ಇತ್ತು: ಜಾವಾ, ಡೇಟಾಬೇಸ್, ವೆಬ್ ಸರ್ವರ್. ಮಷಿನ್ನಿನ ಒಳಗೆ ಹೋಗಿ ನೋಡಿದರೆ ಬೇರೆಯೇ ಸಂಸಾರ. ಪ್ರತಿಯೊಬ್ಬ ಯೂಸರಿನ ಕ್ರಾನ್ ಪಟ್ಟಿ ತೆಗೆದಾಗ, ರಾತ್ರಿ ಎರಡಕ್ಕೆ ಎಸ್‌ಎಂಎಸ್ ಕಳಿಸುವ ಒಂದು ಪೈಥಾನ್ 2 ಸ್ಕ್ರಿಪ್ಟ್ ಸಿಕ್ಕಿತು. ಬರೆದವನು ಕೆಲಸ ಬಿಟ್ಟು ಆರು ವರ್ಷ. ಆಲ್ಮಾ 9ರಲ್ಲಿ ಪೈಥಾನ್ 2 ಇಲ್ಲವೇ ಇಲ್ಲ. ತಿಂಗಳ ಒಂದನೇ ತಾರೀಖು ಬಡ್ಡಿ ಲೆಕ್ಕ ಹಾಕುವ ಕೆಲಸ ಇನ್ನೊಬ್ಬ ಯೂಸರಿನ ಹೆಸರಲ್ಲಿ ಇತ್ತು. ಮಾರ್ಚ್ 31ರ ರಾತ್ರಿ ಮಾತ್ರ ಎದ್ದು ವರ್ಷಾಂತ್ಯದ ಕೆಲಸ ಮಾಡಿ ಮತ್ತೆ ಮಲಗುವ ಒಂದು ಸ್ಕ್ರಿಪ್ಟೂ ಇತ್ತು. ಅದನ್ನು ಬಿಟ್ಟು ಹೋಗಿದ್ದರೆ ಹತ್ತು ತಿಂಗಳು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಯಾವ ಪೋರ್ಟಿನಲ್ಲಿ ಯಾವ ಪ್ರೋಗ್ರಾಮ್ ಕೂತಿದೆ, ಹೊರಗಿನ ಯಾವ ವಿಳಾಸದಿಂದ ಯಾರು ಬರುತ್ತಿದ್ದಾರೆ ಎಂದು ಒಂದು ವಾರ ಪೂರ್ತಿ ದಾಖಲು ಮಾಡಿ ನೋಡಬೇಕು. ಒಂದು ದಿನ ಸಾಲದು. ಶನಿವಾರ ಮಾತ್ರ ಬರುವ ಅತಿಥಿಗಳು ಇರುತ್ತಾರೆ.

ಬ್ಯಾಕಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲರೂ ಹೇಳುತ್ತಾರೆ. ಒಂದೇ ಮಾತು: ಬ್ಯಾಕಪ್ ಇದೆಯಾ ಎಂದು ಕೇಳಬೇಡಿ, ಕೊನೆಯ ಸಲ ಅದರಿಂದ ಮರಳಿ ಎಬ್ಬಿಸಿದ್ದು ಯಾವತ್ತು ಎಂದು ಕೇಳಿ. ನಾವು ಹೊಸ ಮಷಿನ್ನಿನ ಮೊದಲ ಡೇಟಾವನ್ನು ನಿನ್ನೆ ರಾತ್ರಿಯ ಬ್ಯಾಕಪ್‌ನಿಂದಲೇ ಎಬ್ಬಿಸಿದೆವು. ಹೊಸದರ ತಾಲೀಮೂ ಆಯಿತು, ಬ್ಯಾಕಪ್ಪಿನ ಪರೀಕ್ಷೆಯೂ ಆಯಿತು.

ಈಗ ಡೇಟಾಬೇಸಿನ ವಿಷಯ. ಇಡೀ ಕೆಲಸದಲ್ಲಿ ಅತಿ ಅಪಾಯದ ಜಾಗ ಇದು, ಅತಿ ಕಡಿಮೆ ಜನಕ್ಕೆ ಗೊತ್ತಿರುವುದೂ ಇದೇ. ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಸುಲಭವೆನಿಸುವ ಉಪಾಯ ಏನು? ಡೇಟಾ ಇರುವ ಡಿಸ್ಕನ್ನು ಹಳೆಯದರಿಂದ ಬಿಚ್ಚಿ ಹೊಸದಕ್ಕೆ ಸಿಕ್ಕಿಸುವುದು. ಅಥವಾ ಹೊಸ ಮಷಿನ್ನನ್ನು ಹಳೆಯದರ ಯಥಾಪ್ರತಿ ನಕಲಾಗಿ, ಅಂದರೆ ಸ್ಟ್ರೀಮಿಂಗ್ ರೆಪ್ಲಿಕಾ ಆಗಿ, ಓಡಿಸಿ ಕೊನೆಗೆ ಅದನ್ನೇ ಯಜಮಾನ ಮಾಡುವುದು. ಎರಡೂ ಕ್ಷಣಾರ್ಧದ ಕೆಲಸ, ಡೌನ್‌ಟೈಮ್ ಇಲ್ಲವೆನ್ನುವಷ್ಟು ಕಡಿಮೆ. ಸೆಂಟ್‌ಓಎಸ್ 7ರಿಂದ 9ಕ್ಕೆ ಹೋಗುವಾಗ ಎರಡೂ ವಿಷ.

ಕಾರಣ, ಅಕ್ಷರಗಳ ಅನುಕ್ರಮ. ಕನ್ನಡದ್ದೇ ಉದಾಹರಣೆ ಕೊಡುತ್ತೇನೆ. ಬಾಲವಾಡಿಯ ಗೋಡೆಯ ವರ್ಣಮಾಲೆಯಲ್ಲಿ ಕ್ಷ, ಜ್ಞ ಎರಡೂ ಳಕಾರದ ನಂತರ ಕೊನೆಗೆ ಬರುತ್ತವೆ. ನಿಘಂಟಿನಲ್ಲಿ ‘ಕ್ಷಮೆ’ ಇರುವುದು ಕಕಾರದೊಳಗೆ. ಗೋಡೆಯ ಕ್ರಮದಲ್ಲಿ ಜೋಡಿಸಿದ ಪುಸ್ತಕವನ್ನು ನಿಘಂಟಿನ ಕ್ರಮ ಕಲಿತವನ ಕೈಗೆ ಕೊಡಿ. ಅವನು ಕಕಾರದಲ್ಲಿ ಹುಡುಕಿ ‘ಕ್ಷಮೆ ಎಂಬ ಪದವೇ ಈ ಪುಸ್ತಕದಲ್ಲಿಲ್ಲ’ ಎಂದು ಮುಚ್ಚಿಡುತ್ತಾನೆ. ಪದ ಇದೆ, ಪುಸ್ತಕ ಸರಿಯಿದೆ, ಓದುಗನೂ ಸರಿಯಿದ್ದಾನೆ. ಕ್ರಮ ಮಾತ್ರ ಬೇರೆ.

ಪೋಸ್ಟ್‌ಗ್ರೆಸ್‌ನ ಇಂಡೆಕ್ಸ್ ಇಂಥದೇ ಪುಸ್ತಕ. ಅಕ್ಷರಗಳ ಕ್ರಮವನ್ನು ಅದು ಸಾಮಾನ್ಯವಾಗಿ ಓಎಸ್‌ನ ಜಿಲಿಬ್‌ಸಿ ಎಂಬ ಲೈಬ್ರರಿಯಿಂದ ಕೇಳಿ ತಿಳಿಯುತ್ತದೆ. 2018ರ ಆಗಸ್ಟ್‌ನಲ್ಲಿ ಬಂದ ಜಿಲಿಬ್‌ಸಿ 2.28ರಲ್ಲಿ ಈ ಕ್ರಮವನ್ನು ದೊಡ್ಡ ಪ್ರಮಾಣದಲ್ಲಿ ಬದಲಿಸಿದರು. ಸೆಂಟ್‌ಓಎಸ್ 7ರಲ್ಲಿ ಇರುವುದು 2.17, ಆಲ್ಮಾ 9ರಲ್ಲಿ 2.34. ನಡುವೆ ಈ ಗೆರೆ ದಾಟುತ್ತೇವೆ. ನೀವೇ ನೋಡಬಹುದು: ‘1-1’ ಮತ್ತು ‘11’ ಎಂಬ ಎರಡು ಸಾಲನ್ನು ಅಮೆರಿಕನ್ ಇಂಗ್ಲಿಷ್ ಲೊಕೇಲ್‌ನಲ್ಲಿ ಸಾರ್ಟ್ ಕಮಾಂಡಿಗೆ ಕೊಡಿ. ಹಳೆಯದು 11ನ್ನು ಮೊದಲು ಇಡುತ್ತದೆ, ಹೊಸದು 1-1ನ್ನು. ಆ ಸಣ್ಣ ಅಡ್ಡಗೆರೆಯ ಬೆಲೆ ಬದಲಾಗಿದೆ. ಸೊಸೈಟಿಯ ಪ್ರತಿಯೊಂದು ಖಾತೆ ಸಂಖ್ಯೆಯಲ್ಲೂ ಶಾಖೆಗೂ ಅಂಕಿಗೂ ನಡುವೆ ಅಡ್ಡಗೆರೆ ಇತ್ತು!

ಹಳೆ ಇಂಡೆಕ್ಸನ್ನು ಹಾಗೇ ಹೊತ್ತು ತಂದಿದ್ದರೆ ಏನಾಗುತ್ತಿತ್ತು? ಸರ್ವರ್ ಚೆನ್ನಾಗಿಯೇ ಏಳುತ್ತದೆ. ಕೆಂಪು ಅಕ್ಷರದ ಎರರ್ ಯಾವುದೂ ಬರುವುದಿಲ್ಲ. ಕೆಲವು ಖಾತೆಗಳನ್ನು ಹುಡುಕಿದಾಗ ಮಾತ್ರ ‘ಇಲ್ಲ’ ಅನ್ನುತ್ತದೆ. ಇಲ್ಲವೆಂದುಕೊಂಡು ಗುಮಾಸ್ತರು ಅದೇ ಸಂಖ್ಯೆಯಲ್ಲಿ ಇನ್ನೊಂದು ಖಾತೆ ತೆರೆದರೆ, ತಡೆಯಬೇಕಾದ ಯೂನಿಕ್ ಇಂಡೆಕ್ಸ್ ಕೂಡ ಕುರುಡಾಗಿ ಒಪ್ಪಿಕೊಳ್ಳಬಹುದು. ತರಕಾರಿ ಗಾಡಿಯವರ ಒಂದು ವರ್ಷದ ಐವತ್ತೈವತ್ತು ರೂಪಾಯಿ ಒಂದು ಖಾತೆಯಲ್ಲಿ, ಈ ತಿಂಗಳದ್ದು ಇನ್ನೊಂದರಲ್ಲಿ. ಗೊತ್ತಾಗುವ ಹೊತ್ತಿಗೆ ಎಷ್ಟು ದಿನ ಕಳೆದಿರುತ್ತದೋ. ಸರ್ವರ್ ನಿಂತರೆ ಒಂದು ದಿನದ ಗಲಾಟೆ. ನಿಲ್ಲದೆ ತಪ್ಪು ಹೇಳುತ್ತಾ ಹೋದರೆ, ಅದಕ್ಕಿಂತ ಕೆಟ್ಟದ್ದು. ಡೌನ್‌ಟೈಮ್ ಶೂನ್ಯಕ್ಕೆ ಇಳಿಸಬೇಕೆಂಬ ಹಟದಲ್ಲಿ ಜನ ಬೀಳುವ ಗುಂಡಿ ಇದೇ. ಡಾಕರ್ ಬಳಸುವವರಿಗೂ ಎಚ್ಚರಿಕೆ: ಇಮೇಜಿನ ತಳದಲ್ಲಿರುವ ಡೆಬಿಯನ್ 9ರಿಂದ 10ಕ್ಕೆ ಹೋದರೂ ಇದೇ ಗೆರೆ ದಾಟಿದಂತೆ.

ಸರಿಯಾದ ಉಪಾಯ, ಪುಸ್ತಕವನ್ನು ಹೊತ್ತು ತರದೆ, ಪದಗಳನ್ನು ಮಾತ್ರ ತಂದು ಹೊಸ ಮನೆಯಲ್ಲಿ ಹೊಸದಾಗಿ ಜೋಡಿಸುವುದು. ಡಂಪ್ ತೆಗೆದು ತುಂಬಿಸುವುದು ಅತಿ ಸರಳ. ನಮ್ಮ ತಾಲೀಮಿನಲ್ಲಿ ಅದಕ್ಕೆ ಎರಡು ಗಂಟೆ ಹತ್ತಿರ ಹಿಡಿಯಿತು. ನಿಜ ಹೇಳಬೇಕೆಂದರೆ ಒಂಬತ್ತು ಗಂಟೆಯ ಕಿಟಕಿ ಇದ್ದ ನಮಗೆ ಅದೂ ಸಾಕಿತ್ತು. ಆದರೂ ಲಾಜಿಕಲ್ ರೆಪ್ಲಿಕೇಶನ್ ಹಿಡಿದೆವು. ಕಾರಣ ವೇಗವಲ್ಲ. ಹತ್ತು ದಿನ ಮೊದಲೇ ಡೇಟಾ ಹೊಸ ಮಷಿನ್ನಿನಲ್ಲಿ ಬಂದು ಕೂತು, ಹಳೆಯದರ ಪ್ರತಿ ಬದಲಾವಣೆಯನ್ನೂ ಹಿಂಬಾಲಿಸುತ್ತಿದ್ದರೆ, ದಿನವೂ ಎರಡೂ ಕಡೆ ಲೆಕ್ಕ ತಾಳೆ ನೋಡಬಹುದು. ಪೋಸ್ಟ್‌ಗ್ರೆಸ್ 10ರಿಂದ ಈ ಸೌಲಭ್ಯ ಒಳಗೇ ಇದೆ, ಒಂದು ಕಡೆ 10 ಇನ್ನೊಂದು ಕಡೆ 16 ಇದ್ದರೂ ನಡೆಯುತ್ತದೆ. ಓಎಸ್ ಜತೆಗೆ ಡೇಟಾಬೇಸೂ ಹೊಸದಾಯಿತು. ಇದಕ್ಕೆ ಹಳೆ ಕಡೆ ಒಂದು ಸೆಟ್ಟಿಂಗ್ ಬದಲಿಸಿ ಡೇಟಾಬೇಸನ್ನು ಒಮ್ಮೆ ರೀಸ್ಟಾರ್ಟ್ ಮಾಡಬೇಕು. ಹಿಂದಿನ ಭಾನುವಾರ ನಸುಕಿನಲ್ಲಿ ಒಂದು ನಿಮಿಷದ ಕೆಲಸ. ಪ್ರೈಮರಿ ಕೀ ಇಲ್ಲದ ಟೇಬಲ್ಲುಗಳಿಗೆ ಮೊದಲು ಒಂದು ಗುರುತು ಕೊಡಬೇಕು, ಇಲ್ಲದಿದ್ದರೆ ಅವುಗಳಲ್ಲಿ ತಿದ್ದುಪಡಿಯೇ ನಿಂತುಹೋಗುತ್ತದೆ.

ಇದರಲ್ಲೊಂದು ಕೊಕ್ಕೆ ಇದೆ. ಈ ರೆಪ್ಲಿಕೇಶನ್ ಸಾಲುಗಳನ್ನು ತರುತ್ತದೆ, ಸೀಕ್ವೆನ್ಸ್‌ಗಳನ್ನು ತರುವುದಿಲ್ಲ. ರಸೀದಿ ಸಂಖ್ಯೆ ಕೊಡುವುದು ಸೀಕ್ವೆನ್ಸ್. ಹಳೆಯದರಲ್ಲಿ ಎಂಟು ಲಕ್ಷ ದಾಟಿದ್ದರೂ ಹೊಸದರಲ್ಲಿ ಅದು ಒಂದರಲ್ಲೇ ನಿಂತಿರುತ್ತದೆ. ಕಟ್‌ಓವರ್ ರಾತ್ರಿ ಎಲ್ಲ ಸೀಕ್ವೆನ್ಸ್‌ಗಳನ್ನೂ ಹಳೆಯದಕ್ಕಿಂತ ಸ್ವಲ್ಪ ಮುಂದಕ್ಕೆ ಇಡುವ ಸ್ಕ್ರಿಪ್ಟ್ ಮೊದಲೇ ಬರೆದು, ಎರಡು ಸಲ ಓಡಿಸಿ ನೋಡಿರಬೇಕು.

ತಾಲೀಮು ಎಂದೆ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕಿನ ಕಥೆ ನಮ್ಮ ಹುಡುಗರಿಗೆ ನಾನು ಯಾವಾಗಲೂ ಹೇಳುವುದು. ಅದು ಓಎಸ್ ಬದಲಾವಣೆಯಲ್ಲ, ಇಡೀ ಬ್ಯಾಂಕಿಂಗ್ ವ್ಯವಸ್ಥೆಯ ಸ್ಥಳಾಂತರ. 2018ರ ಏಪ್ರಿಲ್‌ನ ಒಂದು ವಾರಾಂತ್ಯದಲ್ಲಿ ಬಹುಪಾಲನ್ನು ಒಂದೇ ಏಟಿಗೆ ಸಾಗಿಸಿದರು. ಡೇಟಾ ಸರಿಯಾಗಿಯೇ ಹೋಯಿತು. ಆದರೆ ಜನ ಬಂದು ಬಾಗಿಲು ತಟ್ಟಿದಾಗ ಹೊಸ ವ್ಯವಸ್ಥೆ ಕುಸಿಯಿತು. ಪೂರ್ತಿ ಸಹಜ ಸ್ಥಿತಿಗೆ ಬರಲು ಡಿಸೆಂಬರ್ ಆಯಿತು. 2022ರಲ್ಲಿ ನಿಯಂತ್ರಕರು ಹಾಕಿದ ದಂಡ 4 ಕೋಟಿ 86 ಲಕ್ಷ ಪೌಂಡಿಗೂ ಹೆಚ್ಚು. ಹಾಗಾಗಿ ನಮ್ಮ ತಾಲೀಮಿನಲ್ಲಿ ಡೇಟಾ ತಾಳೆಯಾದರೆ ಸಾಲದು, ಬೆಳಿಗ್ಗೆ ಎಂಟರ ನೂಕುನುಗ್ಗಲೂ ಇರಬೇಕು. ನಲವತ್ತು ಏಜೆಂಟರು ಒಟ್ಟಿಗೆ ಪಟ್ಟಿ ಇಳಿಸಿಕೊಳ್ಳುವಂತೆ ನಟಿಸುವ ಸ್ಕ್ರಿಪ್ಟ್ ಓಡಿಸಿದೆವು. ಆಮೇಲೆ ನಿಜವಾದ ಇಬ್ಬರು ಏಜೆಂಟರನ್ನು ಕೂರಿಸಿಕೊಂಡು ಅವರ ಮಷಿನ್ನನ್ನು ಹೊಸ ಸರ್ವರಿನ ಕಡೆ ತಿರುಗಿಸಿದೆವು.

ಒಬ್ಬರದು ಹೋಯಿತು, ಇನ್ನೊಬ್ಬರದು ಹೋಗಲಿಲ್ಲ. ಅವರದು ಹಳೇ ಮಾದರಿ, ಟಿಎಲ್‌ಎಸ್ 1.0 ಬಿಟ್ಟು ಬೇರೆ ಭಾಷೆ ಬಾರದು. ರೆಡ್ ಹ್ಯಾಟ್ ಕುಟುಂಬದಲ್ಲಿ 8ರಿಂದಲೇ ಟಿಎಲ್‌ಎಸ್ 1.0, 1.1 ಎರಡಕ್ಕೂ ಪೂರ್ವನಿಯೋಜಿತವಾಗಿ ಬಾಗಿಲು ಮುಚ್ಚಿದೆ. ಎಣಿಸಿದಾಗ ಅಂಥ ಮಷಿನ್ ಏಳು ಇದ್ದವು. ಹೊಸ ಸರ್ವರಿಗೆ ಹಳೇ ದುರ್ಬಲ ಬೀಗ ಹಾಕಿ ಅವರನ್ನು ಒಳಗೆ ಬಿಡುವ ಉಪಾಯ ಹುಡುಕೋಣ ಎಂದು ಸಾಫ್ಟ್‌ವೇರಿನವರು ಹೇಳಿದರು. ನಾನು ಒಪ್ಪಲಿಲ್ಲ, ಮೂವತ್ತಮೂರು ಜನರ ಬಾಗಿಲನ್ನು ಏಳು ಜನರಿಗಾಗಿ ಸಡಿಲ ಬಿಡುವುದೆಂದರೆ ಇಷ್ಟೆಲ್ಲ ಮಾಡಿದ್ದು ಯಾಕೆ? ಏಳು ಹೊಸ ಮಷಿನ್ ತರಿಸುವ ಹೊತ್ತಿಗೆ ಕಾರ್ಯದರ್ಶಿಗಳ ಮುಖ ನೋಡುವ ಹಾಗಿರಲಿಲ್ಲ. ಆದರೆ ಇದು ಕಟ್‌ಓವರ್ ಆದ ಬೆಳಿಗ್ಗೆ ಎಂಟಕ್ಕೆ ಗೊತ್ತಾಗುವುದಕ್ಕಿಂತ ಮೂರು ವಾರ ಮೊದಲೇ ಗೊತ್ತಾಯಿತು. ಅವರಿಗೂ ಅದರ ಬೆಲೆ ತಿಳಿಯದ್ದೇನಲ್ಲ.

ಹೆಸರಿನಿಂದ ವಿಳಾಸ ಹುಡುಕುವ ಡಿಎನ್‌ಎಸ್‌ನಲ್ಲಿ ನೆನಪಿನ ಅವಧಿ 86,400 ಸೆಕೆಂಡ್, ಅಂದರೆ ಒಂದು ದಿನ ಇತ್ತು. ಅದನ್ನು ಮೂರು ದಿನ ಮೊದಲೇ 300ಕ್ಕೆ ಇಳಿಸಿದೆವು. ಅದೇ ದಿನ ಇಳಿಸಿದರೆ ಉಪಯೋಗವಿಲ್ಲ, ಹಳೇ ನೆನಪು ಸಾಯಲು ಒಂದು ದಿನ ಬೇಕೇ ಬೇಕು. ಕೆಲವು ಮಷಿನ್‌ಗಳಲ್ಲಿ ಹೆಸರಿನ ಬದಲು ಐಪಿ ಅಂಕಿಗಳನ್ನೇ ಬರೆದಿಟ್ಟಿದ್ದರು. ಅವಕ್ಕಾಗಿ ಹಳೆ ಸರ್ವರ್ ಬಂದವರನ್ನೆಲ್ಲ ಹೊಸದಕ್ಕೆ ದಾಟಿಸುವ ಏರ್ಪಾಡು ಮಾಡಿದೆವು.

ಆ ಶನಿವಾರಕ್ಕೆ ಮೊದಲು ಒಂದು ಕಾಗದದ ಮೇಲೆ ಎರಡು ವಿಷಯ ಬರೆದು ಕಾರ್ಯದರ್ಶಿಗಳ ಸಹಿ ಹಾಕಿಸಿದ್ದೆವು. ಒಂದು, ರಾತ್ರಿ ಎರಡೂವರೆಯೊಳಗೆ ಪರೀಕ್ಷೆಗಳೆಲ್ಲ ಪಾಸಾಗದಿದ್ದರೆ ಎಷ್ಟೇ ಹತ್ತಿರ ಬಂದಿದ್ದರೂ ಹಳೆಯದಕ್ಕೆ ವಾಪಸ್. ‘ಇನ್ನು ಹತ್ತು ನಿಮಿಷ ಅಷ್ಟೇ’ ಎಂಬ ಮಾತು ರಾತ್ರಿ ಮೂರಕ್ಕೆ ಬಹಳ ಸಿಹಿಯಾಗಿ ಕೇಳುತ್ತದೆ, ಅದಕ್ಕೇ ಹಗಲಲ್ಲೇ ಬರೆದಿಡಬೇಕು. ಎರಡು, ಹೊಸದರಲ್ಲಿ ಮೊದಲ ನಿಜವಾದ ವಸೂಲಿ ಬರೆದ ಮೇಲೆ ಹಿಂದೆ ಹೋಗುವಂತಿಲ್ಲ. ಏನೇ ಬಂದರೂ ಮುಂದೆಯೇ ಸರಿಪಡಿಸುವುದು. ಹಳೆ ಸರ್ವರ್ ಪಕ್ಕದಲ್ಲಿ ಆರೋಗ್ಯವಾಗಿ ಕೂತಿದ್ದರೂ ಆ ವಸೂಲಿ ಅದಕ್ಕೆ ಗೊತ್ತಿರುವುದಿಲ್ಲ. ಈ ಗೆರೆ ಭಾನುವಾರ ರಾತ್ರಿ ಹತ್ತಕ್ಕೆ ಬೀಳುತ್ತದೆ, ಅಂದರೆ ಭಾನುವಾರ ಇಡೀ ದಿನ ನಮಗೆ ಹೆಚ್ಚುವರಿ ಉಸಿರು. ಈ ತೀರ್ಮಾನ ಎಂಜಿನಿಯರರದ್ದಲ್ಲ, ದುಡ್ಡಿಗೆ ಉತ್ತರ ಹೇಳಬೇಕಾದವರದ್ದು. ಆದ್ದರಿಂದ ಆ ರಾತ್ರಿ ಅವರೂ ಎಚ್ಚರವಿರಬೇಕು. ಇದ್ದರು, ಥರ್ಮಾಸ್‌ನಲ್ಲಿ ಕಾಫಿ ಸಮೇತ.

ರಾತ್ರಿಯ ಕೆಲಸ ಬೇಸರ ಬರುವಷ್ಟು ಸಪ್ಪೆ. ಹನ್ನೊಂದಕ್ಕೆ ಕೊನೆಯ ಏಜೆಂಟರ ಲೆಕ್ಕ ಏರಿದ್ದು ಖಚಿತವಾಯಿತು. ಹಳೆಯದಕ್ಕೆ ಬರವಣಿಗೆ ನಿಲ್ಲಿಸಿದೆವು. ಹೊಸದು ಹಳೆಯದರ ಕೊನೆಯ ಬದಲಾವಣೆಯವರೆಗೂ ಬಂದು ಮುಟ್ಟಿತು. ಶಾಖಾವಾರು ಖಾತೆಗಳ ಸಂಖ್ಯೆ, ಒಟ್ಟು ಠೇವಣಿ, ಒಟ್ಟು ಸಾಲ ಎರಡೂ ಕಡೆ ಪೈಸೆಗೆ ಪೈಸೆ ತಾಳೆ ನೋಡಿದೆವು. ಸೀಕ್ವೆನ್ಸ್ ಮುಂದಿಟ್ಟೆವು, ಹೆಸರು ತಿರುಗಿಸಿದೆವು, ಅಡ್ಡಗೆರೆಯ ಖಾತೆಗಳನ್ನು ಮೂರೂ ಶಾಖೆಗಳಿಂದ ಹುಡುಕಿದೆವು. ಪರೀಕ್ಷೆಗೆಂದೇ ತೆರೆದಿದ್ದ ಖಾತೆಗೆ ಹತ್ತು ರೂಪಾಯಿ ಕಟ್ಟಿ ರಸೀದಿ ಸಂಖ್ಯೆ ನೋಡಿದೆವು. ನಿಂತಿದ್ದು ಒಟ್ಟು ಮುಕ್ಕಾಲು ಗಂಟೆ, ಅದರಲ್ಲಿ ಅರ್ಧ ತಾಳೆ ನೋಡಲಿಕ್ಕೆ ಹೋದದ್ದು. ಅದನ್ನು ಇನ್ನೂ ಕಡಿಮೆ ಮಾಡಬಹುದಿತ್ತು, ಮಾಡಲು ಮನಸ್ಸಿರಲಿಲ್ಲ.

ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಮುಂದಿನ ಒಂದನೇ ತಾರೀಖಿನ ಬಡ್ಡಿ ಲೆಕ್ಕವೇ ಉಳಿದ ಪರೀಕ್ಷೆ. ಹಳೆ ಸರ್ವರನ್ನು ನೆಟ್‌ವರ್ಕಿನಿಂದ ಬೇರ್ಪಡಿಸಿ, ಆದರೆ ಅಳಿಸದೆ, ಎರಡು ತಿಂಗಳು ಇಟ್ಟೆವು. ಬಡ್ಡಿಯ ಪ್ರೋಗ್ರಾಮನ್ನು ಹಿಂದಿನ ತಿಂಗಳ ಡೇಟಾದ ಮೇಲೆ ಎರಡರಲ್ಲೂ ಓಡಿಸಿ ಪೈಸೆಯ ತನಕ ಹೋಲಿಸಿದೆವು. ಜಾವಾ ಬದಲಾದಾಗ ದಶಮಾಂಶವನ್ನು ಮೇಲಕ್ಕೆ ಏರಿಸುವ, ಕೆಳಕ್ಕೆ ಇಳಿಸುವ ರೀತಿಯಲ್ಲಿ ವ್ಯತ್ಯಾಸ ಬಂದಿದೆಯೇ ಎಂಬ ಅನುಮಾನ ಇತ್ತು. ಬಂದಿರಲಿಲ್ಲ. ಮಾರ್ಚ್ 31ರ ಸ್ಕ್ರಿಪ್ಟನ್ನು ತಾರೀಖು ಬದಲಿಸಿದ ಒಂದು ನಕಲಿನ ಮೇಲೆ ಓಡಿಸಿ ನೋಡಿ, ನಿಜವಾದ ಮಾರ್ಚ್ 31ರ ರಾತ್ರಿ ಯಾರು ಕೂರಬೇಕು ಎಂದೂ ಹೆಸರು ಬರೆದಿಟ್ಟೆವು.

ಕೊನೆಗೆ ಹಳೆಯದನ್ನು ಅಳಿಸುವಾಗ ಒಂದು ಎಚ್ಚರ. ವರ್ಚುವಲ್ ಮಷಿನ್ ಅಳಿಸಿದರೆ ಅದರ ಸ್ನ್ಯಾಪ್‌ಶಾಟುಗಳು, ಬೇರೆಯಾಗಿ ಇಟ್ಟ ಡಿಸ್ಕುಗಳು ತಾವಾಗಿ ಹೋಗುವುದಿಲ್ಲ. ಸಾವಿರಾರು ಜನರ ಪ್ಯಾನ್, ಆಧಾರ್, ಫೋನ್ ನಂಬರು ಇರುವ ಡಿಸ್ಕು ಯಾರ ಗಮನಕ್ಕೂ ಬಾರದೆ ಬಾಡಿಗೆ ಕಟ್ಟಿಸಿಕೊಳ್ಳುತ್ತಾ ವರ್ಷಗಟ್ಟಲೆ ಬಿದ್ದಿರಬಹುದು. ಕೊನೆಯ ಪೂರ್ತಿ ಬ್ಯಾಕಪ್ ಒಂದನ್ನು ಗೂಢಲಿಪಿಯಲ್ಲಿ ಬೀಗ ಹಾಕಿ ಆಡಿಟ್‌ಗಾಗಿ ಬೇರೆಡೆ ಇಟ್ಟು, ಉಳಿದವನ್ನು ಒಂದೊಂದಾಗಿ ಹುಡುಕಿ ಅಳಿಸಿದೆವು. ಮುಂದಿನ ತಿಂಗಳ ಬಿಲ್ಲಿನಲ್ಲಿ ಒಂದೇ ಮಷಿನ್ ಕಂಡ ಮೇಲೆ ಕಾರ್ಯದರ್ಶಿಗಳು ಫೈಲ್ ಮುಚ್ಚಿದರು.